ಆ ಸಣ್ಣ ಚರ್ಚಿಗೆ ಹೋಗಿ, ತಂಗಿ

ಪ್ರೀತಿಯ ತಂಗಿ,

ನಿಮ್ಮ ಕಾಗದ ಓದಿದೆ. ಬೆಟಗೇರಿಯಿಂದ ಒಹಾಯೋದ ಒಂದು ಸಣ್ಣ ಊರಿಗೆ ಬಂದು ಮೂರು ತಿಂಗಳಾಯಿತು, ಯಜಮಾನರು ಕೆಲಸಕ್ಕೆ ಹೋದರೆ ಕತ್ತಲಾದ ಮೇಲೇ ಬರುತ್ತಾರೆ, ಹತ್ತಿರದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗೆ ಐದು ಗಂಟೆ ದಾರಿ, ಅಲ್ಲೂ ಆರಾಧನೆ ಮಲಯಾಳಂನಲ್ಲಿ ಅಂತ ಬರೆದಿದ್ದೀರಿ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಎಪಿಸ್ಕೋಪಲ್ ಚರ್ಚ್ ಇದೆ. ಒಳಗೆ ಇಪ್ಪತ್ತೈದು ಜನ, ಎಲ್ಲರೂ ಬಿಳಿಯರು, ಹೆಚ್ಚಿನವರು ವಯಸ್ಸಾದವರು. ‘ಅಲ್ಲಿ ಹೋಗಬಹುದಾ ಅಕ್ಕಾ? ನಮ್ಮನ್ನು ಸೇರಿಸಿಕೊಳ್ಳುತ್ತಾರಾ? ಅದು ನಮ್ಮ ಸಭೆಯೇನಾ?’ ಅಂತ ಕೇಳಿದ್ದೀರಿ.

ಹೋಗಿ. ಈ ಭಾನುವಾರವೇ ಹೋಗಿ. ನಾನು ಹಾಸನದವಳು. 2003ರಲ್ಲಿ ನ್ಯೂಯಾರ್ಕ್ ರಾಜ್ಯದ ಫಿಂಗರ್ ಲೇಕ್ಸ್ ಕಡೆಯ ಒಂದು ಸಣ್ಣ ಊರಿಗೆ ಬಂದೆ. ನ್ಯೂಯಾರ್ಕ್ ಅಂದ ಕೂಡಲೇ ನಮ್ಮೂರಲ್ಲಿ ಎಲ್ಲರೂ ದೊಡ್ಡ ಕಟ್ಟಡಗಳನ್ನು ನೆನೆಸಿಕೊಳ್ಳುತ್ತಾರೆ. ಇಲ್ಲಿರುವುದು ಉದ್ದುದ್ದ ಸರೋವರ, ದ್ರಾಕ್ಷಿ ತೋಟ, ಮುಗಿಯದ ಚಳಿಗಾಲ. ನೀವು ಕೇಳಿದ್ದನ್ನೇ ನಾನೂ ಆಗ ಕೇಳಿಕೊಂಡಿದ್ದೆ. ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು, ‘ಅದು ನಮ್ಮ ಸಭೆಯೇನಾ’ ಅನ್ನುವ ಮಾತು. ಎಪಿಸ್ಕೋಪಲ್ ಅಂದರೆ ಬಿಷಪ್ಪರಿರುವ ಸಭೆ ಅಂತ ಅರ್ಥ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು ಇದು. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದಾಗ ಇವರಿಗೆ ಬಿಷಪ್ಪರೇ ಇರಲಿಲ್ಲ. ಸ್ಯಾಮ್ಯುಯೆಲ್ ಸೀಬರಿ ಅನ್ನುವವರು ಅಭಿಷೇಕಕ್ಕಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡದೆ ಆಗುವಂತಿರಲಿಲ್ಲ. ಕೊನೆಗೆ ಸ್ಕಾಟ್ಲೆಂಡಿನ ಬಿಷಪ್ಪರು 1784ರಲ್ಲಿ ಅಬರ್ಡೀನ್ ಊರಿನಲ್ಲಿ ಅವರ ತಲೆ ಮೇಲೆ ಕೈಯಿಟ್ಟು ಬಿಷಪ್ಪರಾಗಿ ಅಭಿಷೇಕ ಮಾಡಿದರು. ನಮ್ಮ ಸಿ.ಎಸ್.ಐ. ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ. ನಿಮ್ಮ ಕಡೆಯವರು ಬಾಸೆಲ್ ಮಿಷನ್, ನಮ್ಮ ಕಡೆಯವರು ವೆಸ್ಲಿಯನ್ ಮೆಥೋಡಿಸ್ಟ್. ಹಿಂದಕ್ಕೆ ಹೋದರೆ ನಾವಿಬ್ಬರೂ ಆಂಗ್ಲಿಕನ್ನರಲ್ಲ. ಆದರೆ ಸಿ.ಎಸ್.ಐ.ಯಲ್ಲಿ ಎಲ್ಲರೂ ಒಂದಾದೆವು. ಇವತ್ತು ಸಿ.ಎಸ್.ಐ. ಮತ್ತು ಎಪಿಸ್ಕೋಪಲ್ ಸಭೆ ಒಂದೇ ಆಂಗ್ಲಿಕನ್ ಕುಟುಂಬದವು. ಒಬ್ಬರ ಪ್ರಭುಭೋಜನದಲ್ಲಿ ಇನ್ನೊಬ್ಬರು ಸೇರಬಹುದು. ನೀವು ಮತ ಬದಲಾಯಿಸುತ್ತಿಲ್ಲ, ಸಭೆ ಬಿಟ್ಟು ಹೋಗುತ್ತಲೂ ಇಲ್ಲ. ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೀರಿ ಅಂದುಕೊಳ್ಳಿ.

ಒಳಗೆ ಹೋದ ಮೇಲೆ ಒಂದು ವಿಷಯ ಗಮನಿಸಿ. ಆರಾಧನೆಯ ನಡುವೆ ಎಲ್ಲರೂ ಎದ್ದು ಅಕ್ಕಪಕ್ಕದವರ ಕೈ ಹಿಡಿದು ‘ಸಮಾಧಾನ ನಿಮ್ಮೊಂದಿಗಿರಲಿ’ ಅಂತ ಹೇಳುತ್ತಾರೆ. ಅದು ಇಲ್ಲಿಯವರಿಗೆ ಹಳೆಯ ಅಭ್ಯಾಸವಲ್ಲ. 1950ರಲ್ಲಿ ಸಿ.ಎಸ್.ಐ. ತನ್ನ ಆರಾಧನಾ ಕ್ರಮದಲ್ಲಿ ಅದನ್ನು ಇಡೀ ಸಭೆಗೆ ತಂದಿತು, ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿದುಬಂದಿದ್ದನ್ನು ನೋಡಿ. ಹೊರದೇಶದ ಸಭೆಗಳು ಆಮೇಲೆ ಇದರಿಂದ ಕಲಿತವು. ಎಪಿಸ್ಕೋಪಲ್ ಸಭೆಯ 1979ರ ಪ್ರಾರ್ಥನಾ ಪುಸ್ತಕದಲ್ಲೂ ಅದು ಬಂತು. ಮೊದಲ ವಾರ ಒಬ್ಬ ಅಪರಿಚಿತ ಅಜ್ಜ ನನ್ನ ಎರಡೂ ಕೈ ಹಿಡಿದಾಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಾದ ದಿನ ಬಹಳ ಸಂತೋಷವಾಯಿತು.

ಪ್ರಭುಭೋಜನಕ್ಕೆ ದೀಕ್ಷಾಸ್ನಾನ ಆದವರು ಯಾರಾದರೂ ಹೋಗಬಹುದು. ಪ್ರಭುಭೋಜನದ ಮೇಜಿನ ಮುಂದಿನ ಕಟಕಟೆಯ ಹತ್ತಿರ ಮೊಣಕಾಲೂರಿ ಬಲಗೈಯನ್ನು ಎಡಗೈ ಮೇಲಿಟ್ಟು ಚಾಚಿ, ರೊಟ್ಟಿ ಇಡುತ್ತಾರೆ. ಪಾತ್ರೆಯಲ್ಲಿರುವುದು ನಿಜವಾದ ದ್ರಾಕ್ಷಾರಸ, ಎಲ್ಲರಿಗೂ ಒಂದೇ ಪಾತ್ರೆ. ಬೇಡ ಅನ್ನಿಸಿದರೆ ರೊಟ್ಟಿ ಮಾತ್ರ ತೆಗೆದುಕೊಂಡರೂ ಸಾಕು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನಿಮಗೆ ವಿಚಿತ್ರ ಅನ್ನಿಸುವುದು ಮಕ್ಕಳ ವಿಷಯ. ನಾವು ದೃಢೀಕರಣ (ಸಭೆಯ ಮುಂದೆ ನಮ್ಮ ನಂಬಿಕೆಯನ್ನು ನಾವೇ ಒಪ್ಪಿಕೊಳ್ಳುವ ಆರಾಧನೆ) ಆದ ಮೇಲೆ ಮೊದಲ ಸಲ ತೆಗೆದುಕೊಂಡವರು, ಅಲ್ವಾ? ಇಲ್ಲಿ ದೀಕ್ಷಾಸ್ನಾನ ಆಗಿದ್ದರೆ ನಾಲ್ಕು ವರ್ಷದ ಮಗುವಿಗೂ ಕೊಡುತ್ತಾರೆ. ನಿಮ್ಮ ಮಕ್ಕಳಿಗೆ ಈಗಲೇ ಬೇಡ ಅನ್ನಿಸಿದರೆ ಎದೆ ಮೇಲೆ ಕೈ ಅಡ್ಡ ಮಡಚಿಕೊಳ್ಳಲು ಹೇಳಿಕೊಡಿ. ಪ್ರೀಸ್ಟ್ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಾರೆ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಎರಡು ವರ್ಷ ನಾನು ಆ ಚರ್ಚಿನಲ್ಲಿ ನೆಂಟಳ ಹಾಗೆ ಕೂತಿದ್ದೆ. ಕೊನೆಯ ಬೆಂಚು, ಆರಾಧನೆ ಮುಗಿದ ಕೂಡಲೇ ಮನೆ. ಯಾರೂ ಮನೆಗೆ ಬರುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ, ಇವರಿಗೆ ನಾವು ಬೇಕಾಗಿಲ್ಲ ಅಂತ ರಾತ್ರಿ ಅಳುತ್ತಿದ್ದೆ. ಹಾಸನದಲ್ಲಿ ಜ್ವರ ಬಂದರೆ ಸಂಜೆಯೊಳಗೆ ಸಭಾಪಾಲಕರಾದ ಅಯ್ಯನವರು ಮನೆಗೆ ಬಂದು ಪ್ರಾರ್ಥನೆ ಮಾಡುತ್ತಿದ್ದರು. ಇಲ್ಲಿಯವರು ಕರೆಯದೆ ಒಬ್ಬರ ಮನೆಗೆ ಹೋಗುವುದನ್ನು ಮರ್ಯಾದೆ ಅಂತ ತಿಳಿದಿಲ್ಲ. ನೀವಾಗಿ ಹೇಳಬೇಕು. ಆಸ್ಪತ್ರೆಗೆ ಸೇರಿದರೆ ಚರ್ಚಿಗೆ ಫೋನ್ ಮಾಡಿ ಹೇಳಬೇಕು. ಹೇಳಿದರೆ ಎರಡು ವಾರ ದಿನವೂ ಯಾರಾದರೊಬ್ಬರು ಊಟ ತಂದು ಬಾಗಿಲ ಹತ್ತಿರ ಇಟ್ಟು ಹೋಗುತ್ತಾರೆ. ಹೇಳದಿದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ.

ಮೂರನೆಯ ವರ್ಷ ಎಂಬತ್ತು ದಾಟಿದ ಒಬ್ಬ ಅಜ್ಜಿ ಕಾಫಿ ಕುಡಿಯುವ ಹೊತ್ತಿನಲ್ಲಿ ಬಂದು, ‘ನಿನಗೆ ಇಸ್ತ್ರಿ ಮಾಡಲು ಬರುತ್ತಾ?’ ಅಂತ ಕೇಳಿದರು. ಬರುತ್ತೆ ಅಂದೆ. ಒಂದು ಚೀಲ ಕೈಗೆ ಕೊಟ್ಟರು.

ಅದರಲ್ಲಿದ್ದದ್ದು ಪ್ರಭುಭೋಜನದ ಮೇಜಿನ ಬಟ್ಟೆಗಳು. ಪಾತ್ರೆಯ ಅಂಚು ಒರೆಸುವ ಸಣ್ಣ ಲಿನನ್ ಬಟ್ಟೆಗೆ ಪ್ಯೂರಿಫಿಕೇಟರ್ ಅಂತ ಹೆಸರು. ಅದರ ಮೇಲೆ ದ್ರಾಕ್ಷಾರಸದ ಕಲೆ, ತುಟಿಯ ಬಣ್ಣದ ಕಲೆ. ಮೊದಲು ಅದನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಬೇಕು. ಆ ಮೊದಲ ನೀರನ್ನು ಸಿಂಕಿಗೆ ಸುರಿಯುವ ಹಾಗಿಲ್ಲ, ಮಣ್ಣಿಗೆ ಸುರಿಯಬೇಕು. ಪ್ರಭುಭೋಜನದ್ದು ಏನೂ ಚರಂಡಿಗೆ ಹೋಗಬಾರದು ಅಂತ. ನಾನು ಹಿತ್ತಲಿನ ಲೈಲಾಕ್ ಗಿಡದ ಬುಡಕ್ಕೆ ಸುರಿಯುತ್ತೇನೆ. ಜನವರಿಯಲ್ಲಿ ಗಿಡದ ಬುಡ ಕಾಣಿಸುವುದಿಲ್ಲ, ಎಲ್ಲಾ ಹಿಮ. ಸುರಿದ ಕಡೆ ಹಿಮ ಸ್ವಲ್ಪ ಕರಗಿ ತೆಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಒಗೆದು, ಇನ್ನೂ ಒದ್ದೆಯಿರುವಾಗಲೇ ಇಸ್ತ್ರಿ ಮಾಡಿ, ಹೊಲಿದ ಶಿಲುಬೆ ಮೇಲೆ ಬರುವ ಹಾಗೆ ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಮೂರು ಮಡಿಕೆ. ಊರಿನಲ್ಲಿ ಇದನ್ನೆಲ್ಲ ಚರ್ಚ್ ನೋಡಿಕೊಳ್ಳುವವರು ಮಾಡುತ್ತಿದ್ದರು. ದೃಢೀಕರಣ ಆದಾಗಿನಿಂದ ಪ್ರಭುಭೋಜನ ತೆಗೆದುಕೊಂಡವಳು ನಾನು, ಆ ಬಟ್ಟೆಯನ್ನು ಕೈಯಲ್ಲಿ ಹಿಡಿದದ್ದೇ ಇಲ್ಲಿಗೆ ಬಂದ ಮೇಲೆ. ಅವತ್ತಿನಿಂದ ನಾನು ಕೊನೆಯ ಬೆಂಚಿನಲ್ಲಿ ಕೂತಿಲ್ಲ.

ಸಣ್ಣ ಸಭೆಯ ಗುಟ್ಟು ಇದೇ ತಂಗಿ. ಇಪ್ಪತ್ತೈದೇ ಜನ ಇದ್ದಾಗ ಪ್ರತಿಯೊಬ್ಬರಿಗೂ ಒಂದು ಕೆಲಸ ಬೀಳುತ್ತದೆ. ದೊಡ್ಡ ಸಭೆಯಲ್ಲಿ ಐದು ವರ್ಷ ಯಾರ ಕಣ್ಣಿಗೂ ಬೀಳದೆ ಹೋಗಿ ಬರಬಹುದು. ಇಲ್ಲಿ ನೀವು ಬರದಿದ್ದರೆ ಪಾಠ ಓದುವವರು ಇರುವುದಿಲ್ಲ. ನಮ್ಮಲ್ಲಿ ಪ್ರೀಸ್ಟ್ ಕೂಡ ಅರ್ಧ ಸಂಬಳದವರು, ವಾರದಲ್ಲಿ ಮೂರು ದಿನ ಮಾತ್ರ. ಉಳಿದದ್ದನ್ನು ವೆಸ್ಟ್ರಿ ನೋಡಿಕೊಳ್ಳುತ್ತದೆ. ನಮ್ಮ ಪಾಸ್ಟೊರೇಟ್ ಕಮಿಟಿ ಇದ್ದ ಹಾಗೆ, ಸಭೆಯವರೇ ಓಟು ಹಾಕಿ ಆರಿಸುತ್ತಾರೆ. ನಾನು ಮೂರು ವರ್ಷ ಅದರಲ್ಲಿದ್ದೆ. ಹೆಚ್ಚಿನ ಮಾತೆಲ್ಲ ಸೋರುವ ಮಾಡು ಮತ್ತು ಚಳಿಗಾಲದಲ್ಲಿ ಚರ್ಚನ್ನು ಬೆಚ್ಚಗಿಡುವ ಎಣ್ಣೆಯ ಬಿಲ್ಲಿನ ಮೇಲೆ. ದುಡ್ಡಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಚಳಿಗಾಲಕ್ಕೆ ಮುಂಚೆ ಒಂದು ಕಾರ್ಡ್ ಕೊಡುತ್ತಾರೆ, ಮುಂದಿನ ವರ್ಷ ಎಷ್ಟು ಕೊಡಬಹುದು ಅಂತ ಬರೆಯಬೇಕು. ಅದಕ್ಕೆ ಪ್ಲೆಡ್ಜ್ ಅನ್ನುತ್ತಾರೆ, ನಮ್ಮ ಸಭಾ ಚಂದಾ ಇದ್ದ ಹಾಗೆ. ಕೈಲಾದಷ್ಟು ಬರೆಯಿರಿ. ಊರಿನ ಹಾಗೆ ಯಾರು ಎಷ್ಟು ಕೊಟ್ಟರು ಅಂತ ಮೈಕಿನಲ್ಲಿ ಓದುವುದಿಲ್ಲ.

ಇನ್ನೊಂದು ವಿಷಯ ಮುಚ್ಚಿಡದೆ ಹೇಳಬೇಕು, ಮೊದಲ ವಾರವೇ ನಿಮ್ಮ ಕಣ್ಣಿಗೆ ಬೀಳಬಹುದು. ಇಲ್ಲಿ ಹೆಂಗಸರು ಪ್ರೀಸ್ಟ್ ಆಗುತ್ತಾರೆ, ಅದು ನಮ್ಮಲ್ಲೂ ಇದೆ. ಆದರೆ ಈ ಸಭೆ ಗಂಡು ಗಂಡು, ಹೆಣ್ಣು ಹೆಣ್ಣು ಜೊತೆಯಾಗಿ ಬಾಳುವವರನ್ನೂ ಸೇರಿಸಿಕೊಂಡಿದೆ. 2015ರಿಂದ ಅವರ ಮದುವೆಯನ್ನೂ ಮಾಡಿಸುತ್ತದೆ. ನಾನು ಬಂದ ವರ್ಷವೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಜೀನ್ ರಾಬಿನ್ಸನ್ ಬಿಷಪ್ಪರಾದರು, ಅವರು ಪುರುಷ ಸಂಗಾತಿಯ ಜೊತೆ ಬಾಳುತ್ತಿದ್ದವರು. ದೇಶದ ತುಂಬಾ ಸಭೆಗಳು ಒಡೆದವು. ನಮ್ಮ ಚರ್ಚಿನಿಂದಲೂ ನಾಲ್ಕು ಮನೆಯವರು ಹೊರಟುಹೋದರು. ಅವರ ಜಾಗ ಎಷ್ಟೋ ದಿನ ಹಾಗೇ ಖಾಲಿ ಇತ್ತು. ಹೋದವರ ಸಂಕಟವೂ ನಿಜ, ಉಳಿದವರ ಸಂಕಟವೂ ನಿಜ. ನಾನು ಬೆಳೆದ ರೀತಿಗೆ ಇದು ಸುಲಭವಾಗಿರಲಿಲ್ಲ. ನಿಧಾನವಾಗಿ ನನ್ನ ಮನಸ್ಸು ತಿರುಗಿತು. ನನಗೆ ಗರ್ಭಕೋಶದ ಆಪರೇಷನ್ ಆದಾಗ ದಿನಾ ಬೆಳಿಗ್ಗೆ ಬಂದು ನನ್ನ ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿದವರು ಅಂಥ ಇಬ್ಬರು ಹೆಂಗಸರು. ನಿಮ್ಮ ಮನಸ್ಸು ನನ್ನ ಹಾಗೆ ತಿರುಗಲೇಬೇಕು ಅಂತ ನಾನು ಹೇಳುವುದಿಲ್ಲ. ಯಾರೂ ನಿಮ್ಮನ್ನು ಬಾಗಿಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುವುದಿಲ್ಲ. ಗೊತ್ತಿದ್ದು ಹೋಗಿ, ಅಷ್ಟೇ.

ಕನ್ನಡದ ಕೊರತೆ ಮಾತ್ರ ತುಂಬುವುದಿಲ್ಲ. ಸುಗ್ಗಿ ಹಬ್ಬದ ಹರಾಜಿಲ್ಲ, ತೆಂಗಿನಕಾಯಿಗೆ, ಬಾಳೆಗೊನೆಗೆ ಕೂಗಿ ಕೂಗಿ ಬೆಲೆ ಏರಿಸುವವರಿಲ್ಲ. ಕ್ರಿಸ್ಮಸ್ ರಾತ್ರಿ ಮನೆಮನೆಗೆ ಬಂದು ಹಾಡುವವರೂ ಇಲ್ಲ. ನಾನು ಮನೆಯಲ್ಲಿ ಸಂಜೆಯ ಪ್ರಾರ್ಥನೆಯನ್ನು ಕನ್ನಡದಲ್ಲೇ ಇಟ್ಟುಕೊಂಡಿದ್ದೇನೆ, ನೀವೂ ಬಿಡಬೇಡಿ. ಚರ್ಚಿನಲ್ಲಿ ಕರ್ತನ ಪ್ರಾರ್ಥನೆ ಬಂದಾಗ ಮೆಲ್ಲಗೆ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಪ್ರೀಸ್ಟ್ ಗಮನಿಸಿ, ‘ಜೋರಾಗಿಯೇ ಹೇಳು’ ಅಂದರು. ಈಗ ಅವರು ಇಂಗ್ಲಿಷಿನಲ್ಲಿ ಮುಗಿಸಿ ನಾನು ಇನ್ನೂ ಎರಡು ಸಾಲು ಹಿಂದಿದ್ದರೆ ಎಲ್ಲರೂ ಕಾಯುತ್ತಾರೆ.

ಅಮ್ಮ ಕರ್ತನಲ್ಲಿ ನಿದ್ರೆಹೋದದ್ದು ಒಂದು ಫೆಬ್ರವರಿಯಲ್ಲಿ. ಹಿಮ ಬಿದ್ದು ವಿಮಾನ ರದ್ದಾಯಿತು. ಮಣ್ಣು ಮಾಡುವ ಹೊತ್ತಿಗೆ ನಾನು ಹಾಸನ ತಲುಪಲು ಸಾಧ್ಯವಿರಲಿಲ್ಲ. ಆ ದಿನ ಸಂಜೆ ನಮ್ಮ ಚರ್ಚಿನಲ್ಲಿ ಹದಿನಾಲ್ಕು ಜನ ಸೇರಿ, ತಾವು ಒಮ್ಮೆಯೂ ನೋಡದ ಹೆಂಗಸಿಗಾಗಿ ಪ್ರಾರ್ಥನೆ ಮಾಡಿದರು. ಅಮ್ಮನ ಹೆಸರಿನಲ್ಲಿ ‘ಳ’ ಇದೆ. ಇಲ್ಲಿಯವರ ನಾಲಿಗೆಗೆ ಅದು ಬರುವುದಿಲ್ಲ. ಪ್ರಾರ್ಥನೆ ಓದುವ ಸರದಿ ಸ್ಕೂಲ್ ಬಸ್ ಓಡಿಸಿ ನಿವೃತ್ತರಾದ ಒಬ್ಬರದು. ಮುಂಚೆಯೇ ನನ್ನನ್ನು ಪಕ್ಕಕ್ಕೆ ಕರೆದು, ‘ಇನ್ನೊಂದು ಸಲ ಹೇಳು, ನಾಲಿಗೆ ಎಲ್ಲಿಡಬೇಕು?’ ಅಂತ ಕೇಳಿದರು. ಬಾಯಿ ತೆಗೆದು ತೋರಿಸಿದೆ. ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಮೇಲಿನ ಅಂಗುಳಕ್ಕೆ. ಅವತ್ತು ಬರಲಿಲ್ಲ. ನವೆಂಬರ್ ಮೊದಲ ಭಾನುವಾರ ಸಕಲ ಸಂತರ ಹಬ್ಬದ ಆರಾಧನೆಯಲ್ಲಿ ತೀರಿಹೋದವರ ಹೆಸರುಗಳನ್ನು ಓದುತ್ತೇವೆ. ಪ್ರತಿ ವರ್ಷ ಆ ಪಟ್ಟಿಯನ್ನು ಅವರೇ ಕೇಳಿ ಪಡೆದು ಓದಿದರು. ನಾಲ್ಕನೆಯ ವರ್ಷ ‘ಳ’ ಸರಿಯಾಗಿ ಬಂತು. ಅವರು ತಲೆಯೆತ್ತಿ ನನ್ನ ಕಡೆ ನೋಡಿದರು. ಈಗ ಅವರ ಹೆಸರೂ ಅದೇ ಪಟ್ಟಿಯಲ್ಲಿದೆ, ಓದುವವಳು ನಾನು.

ನಿಮ್ಮ ದೀಕ್ಷಾಸ್ನಾನದ ಸರ್ಟಿಫಿಕೇಟ್, ಊರಿನ ಸಭಾಪಾಲಕರಿಂದ ಒಂದು ಕಾಗದ ತರಿಸಿಟ್ಟುಕೊಳ್ಳಿ. ಅವಸರವಿಲ್ಲ, ಆಮೇಲೆ ರಿಜಿಸ್ಟರಿನಲ್ಲಿ ಹೆಸರು ಬರೆಯಿಸಲು ಬೇಕಾಗುತ್ತದೆ. ಲೆಂಟ್ (ಈಸ್ಟರಿಗೆ ಮುಂಚಿನ ಉಪವಾಸದ ಕಾಲ) ಶುರುವಾಗುವ ಹಿಂದಿನ ಮಂಗಳವಾರ ಪ್ಯಾನ್‌ಕೇಕ್ ಊಟ ಇರುತ್ತದೆ, ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ಅಕ್ಟೋಬರಿನಲ್ಲಿ ಸಂತ ಫ್ರಾನ್ಸಿಸರ ದಿನದ ಹತ್ತಿರ ನಾಯಿ, ಬೆಕ್ಕು, ಕೋಳಿಗಳನ್ನೂ ತಂದು ಆಶೀರ್ವಾದ ಮಾಡಿಸುತ್ತಾರೆ. ಎಲ್ಲರೂ ಅಡುಗೆ ತರುವ ಊಟ ಇದ್ದರೆ ಚಿತ್ರಾನ್ನ ಮಾಡಿಕೊಂಡು ಹೋಗಿ, ಹಸಿಮೆಣಸಿನಕಾಯಿ ಕಡಿಮೆ ಹಾಕಿ, ಕಡಲೆಬೀಜ ಹಾಕಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಇಲ್ಲಿ ಎಷ್ಟೋ ಜನಕ್ಕೆ ಅದು ಆಗುವುದಿಲ್ಲ.

ಮುಂದಿನ ದೊಡ್ಡ ಬಾಗಿಲು ಹಾಕಿರುವುದನ್ನು ನೋಡಿ ವಾಪಸ್ ಬರಬೇಡಿ. ಎಷ್ಟೋ ಹಳೇ ಚರ್ಚುಗಳಲ್ಲಿ ಕಾರು ನಿಲ್ಲಿಸುವ ಕಡೆ ಪಕ್ಕದ ಬಾಗಿಲೊಂದು ಇರುತ್ತದೆ, ಎಲ್ಲರೂ ಅದರಿಂದಲೇ ಓಡಾಡುತ್ತಾರೆ. ಹತ್ತು ನಿಮಿಷ ಮುಂಚೆ ಹೋಗಿ. ಮಕ್ಕಳಿಗೆ ಸ್ವೆಟರ್ ಹಾಕಿ, ಒಳಗೂ ಚಳಿ ಇರುತ್ತದೆ. ಕಾಫಿಗೆ ನಿಲ್ಲದೆ ಮಾತ್ರ ಬರಬೇಡಿ. ಆಮೇಲೆ ನನಗೆ ಬರೆಯಿರಿ, ನಿಮ್ಮ ಕೈಗೆ ಯಾವ ಕೆಲಸ ಕೊಟ್ಟರು ಅಂತ.

ನಿಮ್ಮ ಅಕ್ಕ