‘ನೇರವಾಗಿ ಧಾವಿಸುತ್ತದೆ’ ಎಂಬ ವಾಕ್ಯದ ಬಗ್ಗೆ

ಮಾನ್ಯರೇ,

ಏಕಕೋಶ ಜೀವಿಗಳು ರಾಸಾಯನಿಕಗಳ ಜಾಡು ಹಿಡಿಯುವ ಬಗೆಯನ್ನು ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ತಿಳಿಯಾಗಿದೆ, ವಿಷಯದ ಆಯ್ಕೆಯೂ ಚೆನ್ನಾಗಿದೆ. ಆದರೆ ಎರಡನೆಯ ಪುಟದ ಒಂದು ವಾಕ್ಯ ನನ್ನನ್ನು ಎರಡು ದಿನ ಕಾಡಿತು: “ಗ್ಯಾಲಕ್ಟೋಸ್ ಎಂಬ ಸಕ್ಕರೆಯ ಸುಳಿವು ಸಿಕ್ಕೊಡನೆ ಇ. ಕೋಲಿ ಬ್ಯಾಕ್ಟೀರಿಯಾ ಅದರತ್ತ ಹೋಗಲು ನಿರ್ಧರಿಸಿ ನೇರವಾಗಿ ಧಾವಿಸುತ್ತದೆ.”

‘ನೇರವಾಗಿ’ ಎಂಬುದು ತಪ್ಪು. ಒಂದೊಂದೇ ಕೋಶದ ಬೆನ್ನು ಹತ್ತುವ ಸೂಕ್ಷ್ಮದರ್ಶಕದಿಂದ ವಿಜ್ಞಾನಿಗಳಾದ ಹೊವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್ 1972ರಲ್ಲಿ ತೋರಿಸಿದ ಚಲನೆಯೇ ಬೇರೆ. ಕೋಶದ ಮೈಮೇಲಿನ ಬಾಲದಂಥ ಎಳೆಗಳಾದ ಕಶಾಂಗಗಳು ಅಪ್ರದಕ್ಷಿಣವಾಗಿ ತಿರುಗುವಾಗ ಒಂದೇ ಕಟ್ಟಾಗಿ ಸೇರಿ ಕೋಶವನ್ನು ಸುಮಾರು 1 ಸೆಕೆಂಡ್ ಮುಂದಕ್ಕೊಯ್ಯುತ್ತವೆ. ಪ್ರದಕ್ಷಿಣವಾಗಿ ತಿರುಗಿದರೆ ಕಟ್ಟು ಬಿಚ್ಚಿಕೊಂಡು, ಕೋಶ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಉರುಳಾಡಿ ಇನ್ನೆತ್ತಲೋ ಮುಖ ಮಾಡುತ್ತದೆ. ಆ ದಿಕ್ಕನ್ನು ಅದು ಆರಿಸಿಕೊಂಡದ್ದಲ್ಲ. ಗ್ಯಾಲಕ್ಟೋಸ್ ಹೆಚ್ಚುತ್ತಾ ಹೋದರೆ ಮುಂದಿನ ಉರುಳಾಟ ತಡವಾಗುತ್ತದೆ, ಅಷ್ಟೇ; ಆ ತಡದಿಂದ ಸರಿದಿಕ್ಕಿನ ಓಟಗಳು ಉದ್ದವಾಗಿ, ಅಡ್ಡಾದಿಡ್ಡಿ ಅಲೆಯುತ್ತಲೇ ಕೋಶ ಅತ್ತ ಸರಿಯುತ್ತದೆ. ಇಷ್ಟು ದೊಡ್ಡ ಬೆರಗನ್ನು ‘ಧಾವಿಸುತ್ತದೆ’ ಎಂಬ ಒಂದೇ ಕ್ರಿಯಾಪದ ನುಂಗಿಹಾಕಿದೆ.

ಅದರ ಮುಂದಿನ ವಾಕ್ಯ: “ತನ್ನ ಎರಡು ತುದಿಗಳಲ್ಲಿರುವ ಸಾಂದ್ರತೆಯನ್ನು ಅದು ಹೋಲಿಸಿ ನೋಡುತ್ತದೆ.” ಸುಮಾರು 2 ಮೈಕ್ರೋಮೀಟರ್ ಉದ್ದದ ಈ ಜೀವಿ ಹೋಲಿಸುವುದು ತುದಿಯನ್ನು ತುದಿಯೊಂದಿಗಲ್ಲ, ಈ ಗಳಿಗೆಯನ್ನು ಕೆಲವೇ ಸೆಕೆಂಡ್ ಹಿಂದಿನ ಗಳಿಗೆಯೊಂದಿಗೆ; ರಾಸಾಯನಿಕವನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳ ಮೇಲೆ ಅಂಟಿರುವ ಮೀಥೈಲ್ ಗುಂಪುಗಳೆಂಬ ಪುಟ್ಟ ರಾಸಾಯನಿಕ ತುಣುಕುಗಳು ನಿಧಾನವಾಗಿ ಬದಲಾಗುವುದರಿಂದ ಹಿಂದಿನ ಸ್ಥಿತಿಯ ಗುರುತು ಅಲ್ಲಿ ಉಳಿದಿರುತ್ತದೆ. ನೀವು ಹೇಳಿದ್ದು ಮಣ್ಣಿನಲ್ಲಿ ಬದುಕುವ ಡಿಕ್ಟಿಯೋಸ್ಟೀಲಿಯಮ್ ಎಂಬ ಅಮೀಬಾಕ್ಕೆ ಒಪ್ಪುವ ಮಾತು. ಹಸಿವಾದಾಗ ನೆರೆಯ ಕೋಶಗಳು ಸ್ರವಿಸುವ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ರಾಸಾಯನಿಕದತ್ತ ತೆವಳುವ ಆ ಅಮೀಬಾ ಇದಕ್ಕಿಂತ ಎಷ್ಟೋ ದೊಡ್ಡದು. ಎರಡು ಜೀವಿಗಳ ಕಥೆಯನ್ನು ನೀವು ಒಂದಕ್ಕೇ ತೊಡಿಸಿದ್ದೀರಿ.

ಇನ್ನು ‘ನಿರ್ಧರಿಸಿ’. ಚಾಮರಾಜಪೇಟೆಯ ಒಂದು ಸಣ್ಣ ಪತ್ರಿಕೆಯಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ‘ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದೆ’ ಎಂದು ಬರೆದಿದ್ದೆ. ಅಲ್ಲಿನ ಹಿರಿಯ ಸಂಪಾದಕರು ‘ಹುಡುಕಿಕೊಂಡು’ ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಹೇಗೆ?’ ಎಂದಷ್ಟೇ ಬರೆದು ಹಾಳೆಯನ್ನು ಮೂರು ಸಲ ಹಿಂದಿರುಗಿಸಿದರು. ಮೂರನೆಯ ಸಲ ಕಬ್ಬನ್ ಪಾರ್ಕಿನ ಗ್ರಂಥಾಲಯದಲ್ಲಿ ಒಂದಿಡೀ ಮಧ್ಯಾಹ್ನ ಕುಳಿತು ಓದಿದ ಮೇಲೆ, ಒಣಗಿದ ಬದಿಯ ಕೋಶಗಳು ಹೆಚ್ಚು ಉದ್ದ ಬೆಳೆಯುವುದರಿಂದ ಬೇರು ತೇವದ ಕಡೆಗೆ ಬಾಗುತ್ತದೆ ಎಂದು ತಿಳಿಯಿತು. ಆ ವಾಕ್ಯ ಬರೆದ ಸಂಜೆಯ ಸಂತೋಷ ನನಗೆ ಇಂದಿಗೂ ನೆನಪಿದೆ.

ಆದ್ದರಿಂದ ಆ ಒಂದು ಪುಟವನ್ನಷ್ಟೇ ಮತ್ತೆ ಬರೆಯಿರಿ. ಉರುಳಾಟಕ್ಕೆ ಒಂದು ಪೂರ್ಣ ಪ್ಯಾರಾ ಕೊಡಿ. ‘ನಿರ್ಧರಿಸಿ’ ಇದ್ದ ಜಾಗದಲ್ಲಿ, ಗ್ರಾಹಕಗಳ ಸಂದೇಶವನ್ನು ಒಯ್ಯುವ ಚೀ-ವೈ ಎಂಬ ಪ್ರೋಟೀನು ಫಾಸ್ಫೇಟ್ ಹೊತ್ತು ಕಶಾಂಗದ ಬುಡದ ಮೋಟಾರಿಗೆ ಅಂಟಿದಾಗ ಅದರ ತಿರುಗುವಿಕೆ ಪ್ರದಕ್ಷಿಣಕ್ಕೆ ಬದಲಾಗುತ್ತದೆ ಎಂಬುದನ್ನು, ಹೈಸ್ಕೂಲಿನ ಹುಡುಗಿಯೊಬ್ಬಳು ಚಿತ್ರ ಬರೆದು ತೋರಿಸಬಲ್ಲಷ್ಟು ಸ್ಪಷ್ಟವಾಗಿ ಹೇಳಿ. ಆ ಪುಟಕ್ಕಾಗಿ ನಾನು ಕಾಯುತ್ತಿರುತ್ತೇನೆ.

ಸಂಪಾದಕ, ಬೆಂಗಳೂರು