ಬೀಗ ಹಾಕಿದ ಬೀರು

ಮಾನ್ಯರೇ,

ಕೂಲಿ ಮಾಡುವ ಮನೆಗಳ ಮಕ್ಕಳಿಗೆ ಸಂಜೆ ಪಾಠ ಹೇಳುವ ನಿಮ್ಮ ಕಾಗದ ತಲುಪಿತು. “ಪುಸ್ತಕ ಕೊಡಿಸಿದೆವು, ಕಂಪ್ಯೂಟರ್ ತಂದಿಟ್ಟೆವು. ಆದರೂ ಪ್ರೌಢಶಾಲೆ ಮುಗಿಯುತ್ತಲೇ ಒಬ್ಬೊಬ್ಬರಾಗಿ ವಿಜ್ಞಾನ ಬಿಡುತ್ತಿದ್ದಾರೆ. ಗಣಿತ ಎಲ್ಲರ ತಲೆಗೂ ಹತ್ತುವುದಿಲ್ಲವೇನೋ” ಎಂದಿದ್ದೀರಿ. ಆ ಕೊನೆಯ ಮಾತನ್ನು ನಾನು ಒಪ್ಪಲಾರೆ.

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತ ಬೋಧನೆಯಲ್ಲಿ ತೊಡಗಿದ್ದ ಯೂರಿ ಟ್ರೈಸ್ಮನ್ ಅವರಿಗೂ ಇಂಥದೇ ಪ್ರಶ್ನೆ ಎದುರಾಗಿತ್ತು. ಕಲನಶಾಸ್ತ್ರ (ಕ್ಯಾಲ್ಕುಲಸ್) ಎಂಬ ಗಣಿತದ ಪಾಠದಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಏಕೆ ಅಷ್ಟೊಂದು ಹಿಂದೆ ಬೀಳುತ್ತಾರೆ? ಆಸಕ್ತಿ ಸಾಲದು, ತಳಪಾಯ ಗಟ್ಟಿಯಿಲ್ಲ, ಮನೆಯವರ ಒತ್ತಾಸೆಯಿಲ್ಲ ಎಂದರು ಅಧ್ಯಾಪಕರು. ಟ್ರೈಸ್ಮನ್ ವಿದ್ಯಾರ್ಥಿಗಳು ಓದುವ ಜಾಗಕ್ಕೇ ಹೋಗಿ ನೋಡಿದರು. ಆ ಕಾರಣಗಳಲ್ಲಿ ಯಾವುದೂ ನಿಲ್ಲಲಿಲ್ಲ. ಚೀನೀ ಮೂಲದ ವಿದ್ಯಾರ್ಥಿಗಳು ಜೊತೆಯಾಗಿ ಕುಳಿತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಕಪ್ಪು ವರ್ಣೀಯರೂ ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಬಹುಪಾಲು ಒಬ್ಬಂಟಿಯಾಗಿ. ಎಲ್ಲಿ ಎಡವಿದೆನೆಂದು ತೋರಿಸುವವರು ಪಕ್ಕದಲ್ಲಿರಲಿಲ್ಲ. ಅವರಿಗೆಂದು ಟ್ರೈಸ್ಮನ್ ಆರಂಭಿಸಿದ ಕಮ್ಮಟದಲ್ಲಿ ಸುಲಭದ ಮರುಪಾಠವಿರಲಿಲ್ಲ. ಗುಂಪಾಗಿ ಬಿಡಿಸಬೇಕಾದ, ತರಗತಿಯದಕ್ಕಿಂತ ಕಷ್ಟದ ಲೆಕ್ಕಗಳಿದ್ದವು. ಅಲ್ಲಿಗೆ ಬಂದವರ ಫಲಿತಾಂಶ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಬಡ ಮಕ್ಕಳೆಂದರೆ ಪಾಠವನ್ನೇ ತೆಳುಮಾಡುವ ನಮ್ಮ ಅನುಕಂಪ ನನಗೆ ನೋವು ಕೊಡುವುದು ಇದಕ್ಕೇ.

ನಾನೇ ಕಂಡದ್ದೊಂದನ್ನು ಹೇಳುತ್ತೇನೆ. ಒಂದು ಶಾಲೆಯಲ್ಲಿ ಸೂಕ್ಷ್ಮದರ್ಶಕ ಗಾಜಿನ ಬೀರುವಿನಲ್ಲಿತ್ತು, ಬೀಗದೊಳಗೆ. ಹುಡುಗಿಯೊಬ್ಬಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದನ್ನು ಇಣುಕುತ್ತಿದ್ದಳು. ಮುಟ್ಟಿದರೆ ಬೈಗುಳವೆಂದು ಅವಳ ಕೈಗಳಿಗೇ ಗೊತ್ತಿತ್ತು. ಆಮೇಲೆ ಶಿಕ್ಷಕಿ ಅವಳಿಗೆ ಒಂದು ಸೆಲ್, ಟಾರ್ಚಿನ ಬಲ್ಬು, ತಂತಿ ಕೊಟ್ಟು ಸುಮ್ಮನೆ ನಿಂತರು. ಎರಡು ಸಲ ಅವಳು ಬಲ್ಬಿಗೆ ಸೇರಿಸಿದ ಎರಡೂ ತಂತಿಗಳ ತುದಿಗಳನ್ನು ಸೆಲ್‌ನ ಒಂದೇ ಕಡೆ ಹಿಡಿದಳು. ಮೂರನೆಯ ಸಲ ಬಲ್ಬು ಹತ್ತಿತು. ಅವಳು ಅದನ್ನು ಆರಿಸಿ, ಮತ್ತೆ ಹತ್ತಿಸಿ, ಮತ್ತೆ ಆರಿಸಿ ನೋಡುತ್ತಲೇ ಇದ್ದಳು.

ಕಲಿಸುವ ರೀತಿ ಸರಿಹೋದರೂ ಮನೆಯ ಹೊಟ್ಟೆಪಾಡು ಉಳಿಯುತ್ತದೆ. ಮುಂದೆ ವಿದ್ಯುತ್ತಿನ ಶೋಧಗಳಿಗೆ ಹೆಸರಾದ, ಕಮ್ಮಾರನ ಮಗ ಮೈಕೆಲ್ ಫ್ಯಾರಡೆ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಬಿಟ್ಟು 1813ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದಾಗ ಅವರಿಗೆ ಸಿಕ್ಕಿದ್ದು ಪ್ರಯೋಗಾಲಯ ಮಾತ್ರವಲ್ಲ, ವಾರದ ಸಂಬಳ ಮತ್ತು ಇರಲು ಕೋಣೆ ಕೂಡ. ಶುಲ್ಕ ಮನ್ನಾ ಆದರೂ ಮಗನ ದುಡಿಮೆಯನ್ನೇ ಕಾಯುವ ಮನೆಗೆ ಅದು ಸಾಲದು. ವಿದ್ಯಾರ್ಥಿವೇತನ ತಿಂಗಳು ತಿಂಗಳೂ ತಪ್ಪದೆ ಕೈಗೆ ಬರಬೇಕು.

ನಿಮ್ಮಲ್ಲಿ ಓದು ಬಿಟ್ಟವರಲ್ಲಿ ಇಬ್ಬರನ್ನಾದರೂ ಭೇಟಿ ಮಾಡಿ, ಯಾವಾಗ, ಏಕೆ ಬಿಟ್ಟರೆಂದು ಕೇಳಿ. ಅವರು ಒಪ್ಪಿದರೆ, ಹೆಸರು ಬಿಟ್ಟು ಅವರ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ