ಮರಿಗಳ ಕಾಲಡಿಗೆ ಏನು ಹಾಸಬೇಕು?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. ಕಳೆದ ಮಳೆಗಾಲದಲ್ಲಿ ಐವತ್ತು ಗಿರಿರಾಜ ತಳಿಯ ಕೋಳಿಮರಿ ತಂದು, ರಟ್ಟಿನ ಪೆಟ್ಟಿಗೆಗೆ ದಿನಪತ್ರಿಕೆ ಹಾಸಿ, ಮೇಲೆ ಬಲ್ಬು ಇಳಿಬಿಟ್ಟಿದ್ದೆ. ಎರಡೇ ದಿನಕ್ಕೆ ಕೆಲವು ಮರಿಗಳ ಕಾಲು ಕಪ್ಪೆಯ ಕಾಲಿನಂತೆ ಅಗಲವಾಯಿತು. ಕಾಗದ ತೆಗೆದು, ಸಾಮಿಲ್ಲಿನವರು ಪುಕ್ಕಟೆ ಕೊಟ್ಟ ಮರದ ಹೊಟ್ಟು ಹಾಸಿದೆ. ವಾರ ಕಳೆಯುವಷ್ಟರಲ್ಲಿ ಹಲವು ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಾ ಸತ್ತವು. ನೀರಿಗೆ ಆ್ಯಂಟಿಬಯೋಟಿಕ್ ಪುಡಿ ಹಾಕಿದರೂ ನಿಲ್ಲಲಿಲ್ಲ. ‘ಹೇಂಟೆ ಮರಿ ಮಾಡಿದಾಗ ಯಾರು ಹಾಸಿಗೆ ಹಾಸಿದ್ದರು?’ ಎಂದು ಅತ್ತೆ ನಗುತ್ತಾರೆ. ಈ ಸಲ ಏನು ಹಾಸಲಿ?

ಉತ್ತರ: ಅತ್ತೆಯ ಮಾತನ್ನು ತಳ್ಳಿಹಾಕಬೇಡಿ. ಹೇಂಟೆಯ ಹಿಂದೆ ಓಡುವ ಮರಿಗೆ ಮಣ್ಣು, ತರಗೆಲೆ ಕಾಲಿಗೆ ಹಿಡಿತ ಕೊಡುತ್ತವೆ. ಚಳಿಯಾದಾಗ ತಾಯಿಯ ರೆಕ್ಕೆಯಡಿ ನುಗ್ಗುತ್ತದೆ, ಹಿಕ್ಕೆ ಹಾಕಿದ ಜಾಗದಲ್ಲೇ ದಿನವಿಡೀ ಕೂರುವುದಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಇದ್ಯಾವುದೂ ಇಲ್ಲ. ಹೇಂಟೆಯ ಅರ್ಧ ಕೆಲಸವನ್ನು ಬಲ್ಬು ಮಾಡಿದರೆ ಉಳಿದರ್ಧವನ್ನು ಹಾಸು ಮಾಡಬೇಕು.

ನಿಮ್ಮಲ್ಲಿ ಆದದ್ದು ಒಂದು ತೊಂದರೆಯಲ್ಲ, ಎರಡು. ಕಾಲು ಅಗಲವಾದದ್ದು ಕಾಗದದಿಂದ. ದಿನದ ಮರಿಯ ಕೀಲುಗಳು ಇನ್ನೂ ಎಳಸು. ನುಣುಪಾದ ನೆಲದಲ್ಲಿ ಎದ್ದು ನಿಲ್ಲಲು ಹೋದಾಗಲೆಲ್ಲ ಕಾಲು ಆಚೀಚೆ ಜಾರಿ, ಜಾರಿದ ಹಾಗೆಯೇ ಉಳಿದುಬಿಡುತ್ತದೆ. ಕಂಡ ದಿನವೇ ಎರಡೂ ಕಾಲುಗಳನ್ನು ಸಹಜ ಅಂತರಕ್ಕೆ ತಂದು, ಮೆತ್ತನೆಯ ಅಂಟುಪಟ್ಟಿಯಿಂದ ಸಡಿಲವಾಗಿ ಜೋಡಿಸಿ, ಒರಟು ನೆಲದ ಮೇಲೆ ಬಿಟ್ಟರೆ ಎಷ್ಟೋ ಮರಿಗಳು ಕೆಲವೇ ದಿನಗಳಲ್ಲಿ ನೆಟ್ಟಗೆ ನಡೆಯುತ್ತವೆ. ವಾರ ಬಿಟ್ಟು ನನ್ನ ಬಳಿ ತಂದರೆ ನಾನೂ ಏನೂ ಮಾಡಲಾರೆ.

ಏದುಸಿರಿಗೆ ಕಾರಣ ಬಹುಮಟ್ಟಿಗೆ ಆ ಪುಕ್ಕಟೆ ಹೊಟ್ಟು. ಸಾಮಿಲ್ಲಿನಲ್ಲಿ ಹಸಿ ಮರವನ್ನೂ ಕೊಯ್ಯುತ್ತಾರೆ, ಹೊಟ್ಟು ಮಳೆಯಲ್ಲಿ ರಾಶಿ ಬಿದ್ದಿರುತ್ತದೆ. ಅದರೊಳಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು, ಅದರ ಕಣಗಳು ಬಲ್ಬಿನ ಕಾವಿಗೆ ಒಣಗಿ ಧೂಳಿನೊಂದಿಗೆ ಮೇಲೇಳುತ್ತವೆ. ಮರಿಯ ಮೂಗು ಇರುವುದು ಹಾಸಿನಿಂದ ಎರಡು ಬೆರಳು ಮೇಲೆ. ಇದಕ್ಕೆ ಬ್ರೂಡರ್ ನ್ಯುಮೋನಿಯಾ ಎನ್ನುತ್ತೇವೆ. ಮರಿ ಕತ್ತು ನೀಡಿ ಬಾಯಿ ತೆರೆದು ಉಸಿರೆಳೆಯುತ್ತದೆ, ಆದರೆ ಸಾಮಾನ್ಯವಾಗಿ ಗೊರಗೊರ ಸದ್ದು ಇರುವುದಿಲ್ಲ. ಸತ್ತ ಮರಿಯನ್ನು ಕೊಯ್ದು ನೋಡಿದರೆ ಶ್ವಾಸಕೋಶದಲ್ಲಿ ರಾಗಿ, ಸಾಸಿವೆ ಗಾತ್ರದ ಹಳದಿ-ಬಿಳಿ ಗಂಟುಗಳು ಕಾಣುತ್ತವೆ. ಬೂಷ್ಟಿಗೆ ಆ್ಯಂಟಿಬಯೋಟಿಕ್ ಏನು ಮಾಡೀತು? ಔಷಧದಂಗಡಿಗೆ ಓಡುವ ಮೊದಲು ಸತ್ತ ಮರಿಯೊಂದನ್ನು ಹತ್ತಿರದ ಪಶು ಆಸ್ಪತ್ರೆಗೆ ಒಯ್ದು ಕೊಯ್ಯಿಸಿ ನೋಡಿ ಎಂದು ನಾನು ಹೇಳುತ್ತಲೇ ಬಂದಿದ್ದೇನೆ. ಕೇಳುವವರು ಕಡಿಮೆ.

ಈ ಸಲ ಭತ್ತದ ಹೊಟ್ಟು ಹಾಸಿ. ಅಕ್ಕಿ ಗಿರಣಿಯಲ್ಲಿ ಚೀಲ ಕಟ್ಟಿಸುವ ಮೊದಲು ಒಂದು ಬೊಗಸೆ ತೆಗೆದು ಅಂಗೈಗಳ ನಡುವೆ ಉಜ್ಜಿ, ಮೂಸಿ ನೋಡಿ. ಒಳ್ಳೆಯ ಹೊಟ್ಟು ಸರಸರ ಎನ್ನುತ್ತದೆ, ಒಣಹುಲ್ಲಿನ ವಾಸನೆ ಬರುತ್ತದೆ. ಮುಗ್ಗಲು ವಾಸನೆ ಬಂದರೆ, ಎಳೆಗಳು ಒಂದಕ್ಕೊಂದು ಅಂಟಿಕೊಂಡು ಕರಿಚುಕ್ಕೆ ಕಂಡರೆ, ಪುಕ್ಕಟೆಯಾದರೂ ಬೇಡ. ಹಿಡಿಯೊಳಗೆ ಬಿಗಿಯಾಗಿ ಅದುಮಿ ಕೈ ಬಿಚ್ಚಿದಾಗ ಉಂಡೆಯಾಗಿಯೇ ನಿಂತರೆ ತೇವ ಹೆಚ್ಚು, ಉದುರಿದರೆ ಸರಿ. ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಹೊಟ್ಟು ಒಣಗಿಸುತ್ತೇನೆಂದು ಹೊರಡುವುದು ವ್ಯರ್ಥ. ಏಪ್ರಿಲ್, ಮೇ ತಿಂಗಳಲ್ಲೇ ಒಂದೆರಡು ಚೀಲ ತಂದು, ಬಿಸಿಲು ಕಾಣಿಸಿ, ಅಟ್ಟದ ಮೇಲಿಡಿ.

ಹಾಸು ಎರಡು ಇಂಚು ದಪ್ಪ ಇರಲಿ, ಮಳೆಗಾಲಕ್ಕೆ ಮೂರು. ಮರಿ ಬರುವ ಹಿಂದಿನ ದಿನವೇ ಬಲ್ಬು ಹಾಕಿ ಹೊಟ್ಟನ್ನು ಬೆಚ್ಚಗೆ ಮಾಡಿ. ಮೊದಲ ವಾರ ಮರಿಯ ಎತ್ತರದಲ್ಲಿ 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಬಹುದು. (ಎಲ್‌ಇಡಿ ಬಲ್ಬು ಹಾಕಿ ‘ಮರಿ ಮುದುಡಿಕೊಂಡಿವೆ’ ಎಂದು ಬರೆಯುವವರು ಈಗ ಹೆಚ್ಚಾಗಿದ್ದಾರೆ. ಅದರಿಂದ ಸಿಗುವುದು ಬೆಳಕು, ಕಾವಲ್ಲ.) ಬಲ್ಬು ಹೊಟ್ಟಿಗೆ ತಾಗುವಂತಿರಬಾರದು. ಬರೀ ವೈರಿಗೆ ನೇತುಹಾಕದೆ ಸರಪಳಿಯಿಂದ ಬಿಗಿಯಾಗಿ ಕಟ್ಟಿ.

ಹೊಸ ಮರಿಗೆ ಹೊಟ್ಟು ಯಾವುದು, ಆಹಾರ ಯಾವುದು ಎಂಬ ಭೇದ ತಿಳಿಯದು. ಹೊಟ್ಟು ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮೊದಲ ಮೂರು ದಿನ ಮಾತ್ರ ಹೊಟ್ಟಿನ ಮೇಲೆ ಕಾಗದ ಬೇಕು. ಹಾಸಾಗಿ ಅಲ್ಲ, ಹೊದಿಕೆಯಾಗಿ. ದಿನಪತ್ರಿಕೆಯನ್ನು ಚೆನ್ನಾಗಿ ಮುದುರಿ ಬಿಡಿಸಿ ಮೂರು ಪದರ ಹಾಕಿ, ಅದರ ಮೇಲೆ ಮೆಕ್ಕೆಜೋಳದ ನುಚ್ಚು ಎರಚಿ, ದಿನಕ್ಕೊಂದು ಪದರ ತೆಗೆಯಿರಿ. ಏಣುಗಳಿರುವ ರಟ್ಟಿನ ಹಾಳೆ ಇನ್ನೂ ಒಳ್ಳೆಯದು. ನಮ್ಮ ಪತ್ರಿಕೆಯ ಹೊಳಪಿನ ಮುಖಪುಟವಂತೂ ಬೇಡವೇ ಬೇಡ, ಸಂಪಾದಕರು ಕ್ಷಮಿಸಲಿ.

ಮನೆಯಲ್ಲೇ ಅಡಿಕೆ ಸಿಪ್ಪೆ ರಾಶಿ ಬಿದ್ದಿರುವಾಗ ಹೊಟ್ಟಿಗೇಕೆ ದುಡ್ಡು ಎಂದು ಅನ್ನಿಸಬಹುದು. ಅದರ ನಾರು ಉದ್ದ, ಮರಿಯ ಬೆರಳಿಗೆ ಸುತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದರಲ್ಲಂತೂ ಅದು ಎಲ್ಲಕ್ಕಿಂತ ಮುಂದೆ. ಬಡಗಿಯ ಹತ್ತರಿಯಿಂದ ಬರುವ ಒಣ ಮರದ ಸುರುಳಿ ಚೂರುಗಳು ಸಿಕ್ಕರೆ ಧಾರಾಳವಾಗಿ ಹಾಸಿ, ಆದರೆ ಪ್ಲೈವುಡ್, ಗೆದ್ದಲಿನ ಔಷಧ ಬಳಿದ ಮರ ಅಥವಾ ಬಣ್ಣದ ಮರದ್ದು ಬೇಡ.

ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲೆ ಕೂರಿಸಿ. ಹಾಸು ಕೆಡುವುದು ಮೊದಲು ಅಲ್ಲಿಯೇ. ಒದ್ದೆಯಾದಷ್ಟನ್ನು ತೆಗೆದು ಹೊಸದು ಹಾಕಿ, ಉಳಿದದ್ದನ್ನು ದಿನಕ್ಕೊಮ್ಮೆ ಕೆದರಿ. ಬೆಳಿಗ್ಗೆ ಬಗ್ಗಿ, ಮರಿಯ ಎತ್ತರಕ್ಕೆ ಮುಖ ತಂದು ಉಸಿರೆಳೆಯಿರಿ. ಕಣ್ಣು ಉರಿದರೆ ಅಮೋನಿಯಾ ಎದ್ದಿದೆ ಎಂದರ್ಥ, ಗಾಳಿಯಾಡಲು ಬಿಡಿ. ಒದ್ದೆ ಹಾಸಿನಲ್ಲಿ ಮೂರನೇ ವಾರದ ನಂತರ ರಕ್ತಭೇದಿಯೂ ಬರುತ್ತದೆ. ಹಿಕ್ಕೆಯಲ್ಲಿ ಕೆಂಪು ಕಂಡರೆ ಅಂದೇ ವೈದ್ಯರನ್ನು ಕಾಣಿ.

ಪ್ರಶ್ನೆ: ನಮ್ಮದು ಪಾವಗಡ ಕಡೆ. ಶೇಂಗಾ ಸಿಪ್ಪೆ ಹಾಸಬಹುದೇ?

ಉತ್ತರ: ಹಾಸಬಹುದು, ನಿಮ್ಮ ಬಿಸಿಲಿಗೆ ಅದು ಚೆನ್ನಾಗಿಯೇ ಒಣಗಿರುತ್ತದೆ. ಸಣ್ಣದಾಗಿ ಮುರಿದುಕೊಳ್ಳಿ. ಕಪ್ಪಾದ ಸಿಪ್ಪೆ, ಒಳಗೆ ಉಳಿದ ಜೊಳ್ಳು ಬೀಜ ಆರಿಸಿ ಎಸೆಯಿರಿ. ಶೇಂಗಾ ಬೂಷ್ಟಿನ ಅಫ್ಲಾಟಾಕ್ಸಿನ್ ಮರಿಯ ಪಿತ್ತಜನಕಾಂಗಕ್ಕೆ ವಿಷ.

ಪ್ರಶ್ನೆ: ಬೆಂಗಳೂರಿನ ತಾರಸಿಯಲ್ಲಿ ಆರು ಮರಿ ಸಾಕಿದ್ದೇವೆ. ಗಿಡಕ್ಕೆಂದು ತಂದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಅಥವಾ ಬೆಕ್ಕಿನ ಮಲಕ್ಕೆ ಬಳಸುವ ಮರಳು ಆಗುತ್ತದೆಯೇ?

ಉತ್ತರ: ಬೆಕ್ಕಿನದು ಖಂಡಿತ ಬೇಡ, ನೀರು ಕಂಡರೆ ಉಂಡೆಕಟ್ಟುವ ಆ ಮಣ್ಣನ್ನು ಮರಿ ನುಂಗುತ್ತದೆ. ನೆನೆಸಿ ಬಿಡಿಸಿದ ಕೊಕೊಪೀಟ್ ಎಷ್ಟು ಹಿಂಡಿದರೂ ತೇವ ಬಿಡದು, ಪೂರ್ತಿ ಒಣಗಿದರೆ ಧೂಳು. ಆರು ಮರಿಗೆ ಎಷ್ಟು ಬೇಕು? ಒಂದು ಚೀಲ ಭತ್ತದ ಹೊಟ್ಟು ತನ್ನಿ. ಬಳಸಿ ತೆಗೆದ ಹಾಸನ್ನು ಮುಂದಿನ ತಂಡದ ಮರಿಗಳಿಗೆ ಹಾಸಬೇಡಿ. ಗೊಬ್ಬರವಾಗಿ ಕೊಳೆಸಿದ ಮೇಲೆ ಕುಂಡಗಳಿಗೆ ಹಾಕಿ, ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ.